ವೆಂಟಿಲೇಟರಿಗೆ ವಿಭೂತಿ

ಪೂಜೆಗೊಂಡ ಯಂತ್ರ ಮರುದಿನದವರೆಗೆ ದುಡಿಯತಕ್ಕದ್ದಲ್ಲ ಎಂಬುದು ಹಿಂದೂಪುರದ ನಮ್ಮ ಆಸ್ಪತ್ರೆಯ ನಿಯಮ. ಲಿಫ್ಟು, ಕ್ಯಾಂಟೀನಿನ ಗ್ರೈಂಡರು ಇದನ್ನು ತಕರಾರಿಲ್ಲದೆ ಪಾಲಿಸಿಕೊಂಡು ಬಂದಿವೆ. ಈ ಸಲದ ಆಯುಧಪೂಜೆಗೆ ಆಡಳಿತಾಧಿಕಾರಿ ರೇಣುಕಾಪ್ರಸಾದ್ ಅವರು ಪೂಜೆ ಮಾಡುವ ಅಯ್ಯನವರನ್ನು ಐಸಿಯುಗೂ ಕರೆತಂದು, ವೆಂಟಿಲೇಟರಿಗೆ ವಿಭೂತಿ ಹಚ್ಚಿಸಿ, ಸ್ವಿಚ್ ಆರಿಸಲು ಆಜ್ಞಾಪಿಸಿದರು.

ಆಗ ಅದರ ಮಾಸ್ಕಿನಲ್ಲಿ ಸೆಟ್ಟೂರಿನ ಮುತ್ಯಾಲಪ್ಪ ಉಸಿರಾಡುತ್ತಿದ್ದರು.

"ಸಾರ್, ಒಳಗೆ ಪೇಷೆಂಟ್ ಇದಾರೆ!" ಎಂದಳು ಚಂದ್ರಕಲಾ. ಅವಳು ರೆಸ್ಪಿರೇಟರಿ ಥೆರಪಿಸ್ಟ್; ರೋಗಿಗಳ ಉಸಿರು ಅವಳ ಇಲಾಖೆ.

"ಇರ್ಲಿ ಕಣಮ್ಮ. ಅವರಿಗೆ ಪೂಜೆ ಆಗಿಲ್ವಲ್ಲ, ಅವರು ಕೆಲ್ಸ ಮಾಡ್ಬೌದು."

"ಮಾಸ್ಕ್ ತೆಗೆದು ನೋಡೋಣ ಅಂತ ನಾನೇ ನಿನ್ನೆಯಿಂದ ಬಡ್ಕೊಳ್ತಿದೀನಿ. ಡಾಕ್ಟ್ರು ಸಹಿ ಹಾಕ್ಬೇಕಲ್ಲ?"

ಡಾಕ್ಟರ ಪೆನ್ನು ಪೂಜೆಯಲ್ಲಿತ್ತು.

ಸ್ವಿಚ್ ಆರಿತು. ಚಂದ್ರಕಲಾ ಮಾಸ್ಕಿಗೆ ರಬ್ಬರ್ ಚೀಲ ಸಿಕ್ಕಿಸಿ ಕೈಯಲ್ಲೇ ಗಾಳಿ ಒತ್ತತೊಡಗಿದಳು. ಅಯ್ಯನವರು ಚೀಲಕ್ಕೂ ಮೂರು ಬೆರಳು ವಿಭೂತಿ ಎಳೆದರು.

"ಅಯ್ನೋರೆ, ಅತ್ಲಾಗ್ ಹೋಗ್ರಪ್ಪ!" ಎಂದು ಮುತ್ಯಾಲಪ್ಪನವರ ಹೆಂಡತಿ ಗಂಗುಲಮ್ಮ ಅಡ್ಡ ಬಂದರು. "ದೇವುಡಾ, ನಮ್ಮಾಯಪ್ಪನ ಉಸ್ರು ಹೋಯ್ತದೆ!"

"ಭೇದ ಮಾಡಕ್ಕಾಗಲ್ಲ ತಾಯಿ," ಎಂದರು ಅಯ್ಯನವರು. ಚಂದ್ರಕಲಾ ಇನ್ನೊಂದು ಚೀಲ ತೆಗೆದಳು. ಅದಕ್ಕೂ ವಿಭೂತಿ ಬಿತ್ತು. ಕೊನೆಗೆ, "ದುಡಿಯೋ ಕೈನ ಬಿಡಕ್ಕಾಯ್ತದಾ?" ಎಂದು ಅವಳ ಎರಡೂ ಕೈಗೆ ಹಚ್ಚಿದರು. ಕೈಗಳು ರಜೆಗೆ ಒಳಪಟ್ಟವು.

ಐಸಿಯುನಲ್ಲಿ ಪೂಜೆಯಾಗದೆ ಉಳಿದಿದ್ದು ಗಂಗುಲಮ್ಮನ ಕೈ ಮಾತ್ರ.

"ಅಮ್ಮಾ, ಮಾಸ್ಕ್ ನೀವೇ ಕೀಳಿ," ಎಂದಳು ಚಂದ್ರಕಲಾ. "ತಾತ, ಮೆಲ್ಲಗೆ ಉಸ್ರು ಎಳ್ಕಳಿ. ಬಿಡಿ. ಇನ್ನೊಂದ್ಸಲ."

ಗಂಗುಲಮ್ಮ ಕಿತ್ತರು. ಮಾನಿಟರಿಗೂ ಪೂಜೆ ಆಗಿದ್ದರಿಂದ ಎಲ್ಲರೂ ಮುತ್ಯಾಲಪ್ಪನವರ ಎದೆಯನ್ನೇ ನೋಡಿದರು. ಅದು ಏರಿತು. ಇಳಿಯಿತು. ಮತ್ತೆ ಏರಿತು. ಕೆಲಸದಲ್ಲಿದೆ ಎಂದು ಖಚಿತವಾದ ಕೂಡಲೇ ಅಯ್ಯನವರು ವಿಭೂತಿ ಹಿಡಿದು ಬಗ್ಗಿದರು.

ಮುತ್ಯಾಲಪ್ಪ ಕಣ್ಣು ಬಿಟ್ಟು ಅವರ ಕೈ ಹಿಡಿದುಕೊಂಡರು. "ಬ್ಯಾಡಿ ಸ್ವಾಮಿ. ಇದೊಂದಾದ್ರೂ ಓಡ್ಲಿ ಬುಡಿ."

ಮರುದಿನ ಪ್ರಕಟಣೆ ಹೊರಬಿತ್ತು: "ಶ್ವಾಸಕೋಶವು ರೋಗಿಯ ಸ್ವಂತ ಆಸ್ತಿಯಾಗಿರುವುದರಿಂದ ಪೂಜೆಯಿಂದ ವಿನಾಯಿತಿ ನೀಡಲಾಗಿದೆ. ಪೂಜೆಯ ಫಲ ಕಣ್ಣಾರೆ ಕಂಡಿರುವುದರಿಂದ ಇನ್ನು ಪ್ರತಿ ಶುಕ್ರವಾರ ಐಸಿಯುನಲ್ಲಿ ಆಯುಧಪೂಜೆ ನಡೆಯತಕ್ಕದ್ದು."

ಕಲ್ಯಾಣದುರ್ಗದಿಂದ ಬರುವವರು ಈಗ ಕೌಂಟರಿನಲ್ಲಿ ಮೊದಲು ಶುಕ್ರವಾರದ ಹಾಸಿಗೆ ಖಾಲಿಯಿದೆಯೇ ಎಂದು ವಿಚಾರಿಸುತ್ತಾರೆ. ಉಸಿರು ಸುಧಾರಿಸಿದ ರೋಗಿಯ ಮಾಸ್ಕ್ ಬಿಡಿಸಬೇಕಾದಾಗ ಚಂದ್ರಕಲಾ ಕೂಡ ಡಾಕ್ಟರ ಸಹಿಗೆ ಕಾಯುವುದಿಲ್ಲ. ಅಯ್ಯನವರಿಗೆ ಫೋನ್ ಮಾಡುತ್ತಾಳೆ.

ಅವರು ಕರೆದ ತಕ್ಷಣ ಬರುತ್ತಾರೆ.