ಗದಗಿನ ಗಿರಣಿಪತಿಯ ಗಿರಿಲಂಘನ

ಕೇಳಿರೈ ಸಜ್ಜನರೇ! ಅರಸರು ಆನೆಯೇರಿ ದಿಗ್ವಿಜಯಕ್ಕೆ ಹೊರಡುತ್ತಿದ್ದ ಯುಗ ಕಳೆದು, ಅಶ್ವಮೇಧದ ಕುದುರೆಗಳು ಮೇವಿಲ್ಲದೆ ಮರೆಯಾಗಿ, ಹೆಲ್ಮೆಟ್ಟೇ ಕಿರೀಟವೂ ಮೊಣಕಾಲ ನೋವೇ ಪರಮವೈರಿಯೂ ಆಗಿರುವ ಈ ಕಲಿಯುಗದಲ್ಲಿ, ಗೋಧಿ-ಜೋಳ-ಕಡಲೆ-ಕುಲಾಂತಕ, ಧವಳಧೂಳಿಧೂಸರಿತಶ್ಮಶ್ರು, ಅರ್ಥಾತ್ ಮೀಸೆಯ ಮೇಲೆ ಸದಾ ಹಿಟ್ಟು ಹೊತ್ತವನು, ಗದಗಿನ ಹಿಟ್ಟಿನ ಗಿರಣಿಯ ಏಕಮೇವಾಧಿಪತಿ ಫಕೀರಪ್ಪ ಹುಯಿಲಗೋಳ ಎಂಬ ಮಹಾರಥಿಯು ಲಡಾಖಿನ ಗಗನಚುಂಬಿ ಘಟ್ಟವೊಂದನ್ನು ಲಂಘಿಸಿದ ಕಥೆಯನ್ನು ಹಾಡುವೆನು. ಹಾಡಲು ಬೇರೆ ಯಾರೂ ಒಪ್ಪಲಿಲ್ಲ. ಆದ್ದರಿಂದ ಆ ಮಹಾರಥಿಯೂ ನಾನೇ, ಈ ಭಟ್ಟಂಗಿಯೂ ನಾನೇ. ಘಟ್ಟದ ಹೆಸರನ್ನು ಮಾತ್ರ ಹೇಳುವುದಿಲ್ಲ, ಅದರ ಮರ್ಯಾದೆ ಅದಕ್ಕಿರಲಿ.

ಯುದ್ಧಕ್ಕೊಂದು ಕಾರಣ ಬೇಕಷ್ಟೆ? ಕಾರಣಪುರುಷನ ಹೆಸರು ಅಂದಾನೆಪ್ಪ. ನಾಯಕನ ಧರ್ಮಪತ್ನಿ ಬಸಲಿಂಗವ್ವನ ಸ್ವಂತ ತಮ್ಮ. ಮೋಟರ್‌ಸೈಕಲ್ ಮನೆಗೆ ಬಂದ ದಿನವೇ ಅದರ ಸುತ್ತ ಮೂರು ಸುತ್ತು ಹಾಕಿ, ಸೀಟು ಸವರಿ, ಅವನು ನುಡಿದನು:

"ಮಾಮಾ, ಈ ಗಾಡಿ ನೀವ ತಗೊಂಡು ಏನ್ ಮಾಡ್ತೀರಿ? ಗಿರಣಿಯಿಂದ ಮನೀಗೆ, ಮನಿಯಿಂದ ಗಿರಣೀಗೆ. ಅದಕ್ಕ ಸೈಕಲ್ಲ ಸಾಕಾಗಿತ್ತು."

ಪೆಟ್ಟುತಿಂದ ಸರ್ಪದಂತೆ ನಾಯಕನು ಹೆಡೆಯೆತ್ತಿ ನಿಂತನು. ಕಾವ್ಯದಲ್ಲಿ ಅವನ ಪ್ರತಿಜ್ಞೆ ಹೀಗಿದೆ: "ಎಲೈ ಶ್ಯಾಲಕಾಧಮ! ಹಿಮಗಿರಿಯ ಅತ್ಯುನ್ನತ ಘಟ್ಟದ ಬುಡದಲ್ಲಿ ಎತ್ತಿದ ಪಾದವನ್ನು ನೆತ್ತಿಯ ಮುಟ್ಟುವನಕ ನೆಲಕ್ಕೆ ಊರೆನು!" ಬಾಯಲ್ಲಿ ಬಂದದ್ದು ಇಷ್ಟು: "ಲಡಾಖಿಗೆ ಹೋಗ್ತೀನಿ ನೋಡಲೇ. ಕೆಳಗಿಂದ ಮ್ಯಾಲಿನತನಕಾ ಕಾಲ ಕೆಳಗ ಇಡೂದಿಲ್ಲ."

"ಹಂಗಾರ ಮ್ಯಾಲ ಘಟ್ಟದ ಹೆಸರಿನ ಬೋರ್ಡ್ ಜೋಡಿ ನಿಮ್ಮ ಫೋಟೋ ಬರ್ಲಿ. ಬರಲಿಲ್ಲಂದ್ರ, ಇಲ್ಲಾ ಕಾಲ ಊರಿದ್ರ, ಗಾಡಿ ನನ್ನದು."

"ಆತು. ನಿಮ್ಮಕ್ಕನ ಪಂಚಾಯ್ತಿ. ಆಕಿ ಹೇಳಿದ್ದ ಕಡೀಮಾತು."

ಹೀಗೆ ನಾಲಗೆಯ ಒಂದು ಹೊರಳಿಗೆ ನನ್ನ ಗಾಡಿ ಪಣಕ್ಕೆ ಬಿದ್ದಿತು. ಜೀವನದಲ್ಲಿ ನನಗಾಗಿ, ನನ್ನ ಆಸೆಗಾಗಿ ನಾನು ಕೊಂಡಿದ್ದು ಅದೊಂದೇ. ಆ ರಾತ್ರಿ ಎರಡು ಸಲ ಎದ್ದುಹೋಗಿ ಗಾಡಿಗೆ ಬೀಗ ಹಾಕಿದೆಯೇ ಎಂದು ನೋಡಿ ಬಂದೆ.

ಸಹರಥಿಗಳು ಇಬ್ಬರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುವ, ಸೀಟಿಯೇ ಶಂಖವಾದ ಕಲ್ಲನಗೌಡ ಮಾಸ್ತರ ಒಬ್ಬ. ಗಾದಿ ತುಂಬುವ ಕಸುಬಿನ, ಸಮಾಧಾನವೇ ಕವಚವಾದ ರಾಜೇಸಾಬ ನದಾಫ ಇನ್ನೊಬ್ಬ. ರಥಗಳು ಚಂಡೀಗಢದವರೆಗೆ ರೈಲಿನ ಸರಕು ಡಬ್ಬಿಯಲ್ಲಿ ಬಂದವು ಎಂಬುದನ್ನು ಕಾವ್ಯವು ಇಲ್ಲಿ ಒಂದೇ ಉಸಿರಿಗೆ ಹೇಳಿ ಮುಂದೆ ಹೋಗುತ್ತದೆ.

ಆ ಮಹಾದಿನದ ಮುಂಜಾವಿನಲ್ಲಿ ಕಲ್ಲನಗೌಡನು, ನೆತ್ತಿಯ ಮೇಲೆ ನಿಂತು ನಾಯಕನ ಫೋಟೋ ಹೊಡೆಯುವ ಹೊಣೆ ಹೊತ್ತು ಮೊದಲೇ ಹೊರಟುಹೋದನು. ಪ್ರತಿಜ್ಞೆ ಮುರಿಯದಂತೆ ಕಾಯಲು ರಾಜೇಸಾಬನು ಹಿಂದೆ ಉಳಿದನು. "ಗಾಳಿ ಕಿವ್ಯಾಗ ಹೊಕ್ಕರ ತಲಿ ತಿರಗತೈತಿ" ಎಂದು ತನ್ನ ಚೀಲದಿಂದ ಅಪ್ಪಟ ಅರಳೆ ತೆಗೆದು ನಾಯಕನ ಎರಡೂ ಕಿವಿಗೆ ಗಾದಿ ತುಂಬುವಷ್ಟೇ ಶ್ರದ್ಧೆಯಿಂದ ತುಂಬಿದನು. ಮೇಲೆ ಮಂಕಿಕ್ಯಾಪು, ಅದರ ಮೇಲೆ ಮಫ್ಲರು, ಅದರ ಮೇಲೆ ಹೆಲ್ಮೆಟ್ಟು. ಲೋಕದ ಸಕಲ ಶಬ್ದಪ್ರಪಂಚವೂ ನಾಯಕನ ಪಾಲಿಗೆ ಲಯವಾಯಿತು.

ಕಾಲು ಎತ್ತಿದೆನು. ರಥವು ಹೊರಟಿತು.

ಆಹಾ, ಆ ಆರೋಹಣ! ಬಲಕ್ಕೆ ಆಕಾಶಕ್ಕೆ ಆತುಕೊಂಡ ಶಿಲಾಭಿತ್ತಿ, ಎಡಕ್ಕೆ ತಳವೇ ಕಾಣದ ಪಾತಾಳಗಹ್ವರ, ನಡುವೆ ಜಲ್ಲಿಕಲ್ಲಿನ ದಾರಿಯಲ್ಲಿ ಹಿಮಜಲಪ್ಲಾವಿತ ಚಕ್ರಗಳಿಂದ ಗಡಗಡ ನಡುಗುತ್ತ ಏರುತ್ತಿದ್ದ ನಮ್ಮ ನಾಯಕ. ಹಲ್ಲುಗಳು ಕಟಕಟನೆ ಬಡಿದುಕೊಳ್ಳುತ್ತಿದ್ದುದನ್ನು ರಣಭೇರಿಯೆಂದು ತಿಳಿಯಬೇಕಾಗಿ ಓದುಗರಲ್ಲಿ ವಿನಂತಿ. ಅಷ್ಟರಲ್ಲಿ ತಿರುವಿನಲ್ಲಿ ಎದುರಾಯಿತು ಕುರಿಸೈನ್ಯ! ಶ್ವೇತರೋಮಾವೃತವೂ ಅಕ್ಷೌಹಿಣೀಸಮಾನವೂ ಆದ ಆ ಪಡೆ ದಾರಿಯುದ್ದಕ್ಕೂ ತುಂಬಿ ನಿಂತಿತು. ನಿಲ್ಲೋಣವೆಂದರೆ ಕಾಲು ಊರಬೇಕು, ಊರಿದರೆ ಗಾಡಿ ಅಂದಾನೆಪ್ಪನದು. ನಾಯಕನೇನು ಮಾಡಿದನು? ಅಗಲವಾದ ಆ ತಿರುವಿನಲ್ಲಿ ಚಕ್ರಾಕಾರವಾಗಿ ಸುತ್ತತೊಡಗಿದನು. ಗಿರಣಿಯ ಕಲ್ಲು ಸುತ್ತಿದಂತೆ ಸುತ್ತಿದನು, ಕುರಿಗಳು ಒಂದೊಂದಾಗಿ ದಾಟಿ ಮುಗಿಯುವವರೆಗೂ ಸುತ್ತಿದನು. ಕುರಿ ಕಾಯುವವನು ಬಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕನು.

ಹಾಗೆ ಸುತ್ತುವಾಗಲೇ ಬೆನ್ನ ಹಿಂದೆ ಕಟ್ಟಿದ್ದ ಜಮಖಾನದ ಗಂಟು ಸಡಿಲಿತು. ಗಂಟಿನ ಹಗ್ಗದ ಕೊಕ್ಕೆ ನಾಯಕನ ಪ್ಯಾಂಟಿಗೆ ಸಿಕ್ಕಿ, ಆಯಕಟ್ಟಿನ ಜಾಗದಲ್ಲಿ ಗೇಣುದ್ದ ಹರಿಯಿತು. ದಪ್ಪ ಉಣ್ಣೆಯ ಒಳಚಣ್ಣ ತೊಟ್ಟಿದ್ದ ನಾಯಕನಿಗೆ ಇದಾವುದೂ ತಿಳಿಯದು. ಹಿಂದಿದ್ದ ರಾಜೇಸಾಬ ಹಾರ್ನ್ ಬಾರಿಸಿದ, ದೀಪ ಮಿನುಗಿಸಿದ, ಕೈ ಬೀಸಿದ, ಕೂಗಿದ. ಕನ್ನಡಿಯಲ್ಲಿ ಇದನ್ನು ಕಂಡ ನಾಯಕನು, ಸ್ನೇಹಿತನು ತನ್ನನ್ನು ಹಿಂದಿಕ್ಕಲು ಸವಾಲೆಸೆಯುತ್ತಿದ್ದಾನೆಂದು ಬಗೆದು, ಹೆಲ್ಮೆಟ್ಟಿನೊಳಗೇ ಗರ್ಜಿಸಿ, ಆಕ್ಸಿಲರೇಟರ್ ತಿರುವಿ, ಧೂಳೆಬ್ಬಿಸಿ ಕಣ್ಮರೆಯಾದನು.

ಇನ್ನು ಘಟ್ಟದ ನೆತ್ತಿ. ನಮ್ಮ ಕಡೆ ಗುಡ್ಡದ ನೆತ್ತಿ ಎಂದರೆ ಅಲ್ಲೊಂದು ಗುಡಿ ಇರುತ್ತದೆ. ಮೆಟ್ಟಿಲು ಇರುತ್ತದೆ, ಗಂಟೆ ಇರುತ್ತದೆ, ಕಾಯಿ ಮಾರುವ ಅಜ್ಜಿ ಇರುತ್ತಾಳೆ. ಕಪ್ಪತಗುಡ್ಡದಲ್ಲೇ ಇಷ್ಟಿದ್ದ ಮೇಲೆ ಹಿಮಾಲಯದಲ್ಲಿ ಇನ್ನೆಷ್ಟಿರಬೇಡ! ನಾಯಕನು ಹಾದುಹೋದ ಜಾಗದಲ್ಲಿ ಕಂಡದ್ದೋ, ಚಹಾದ ಅಂಗಡಿ, ಯಾರದೋ ಮದುವೆಗೆ ಕಟ್ಟಿದಂಥ ಬಣ್ಣಬಣ್ಣದ ಬಾವುಟಗಳ ಪರಪರಿ, ಒಂದು ಬೋರ್ಡನ್ನು ಮರೆಮಾಡಿ ನಿಂತ ಹುಡುಗರ ಗುಂಪು, ಮೂತ್ರಿಖಾನೆಯ ಮುಂದೆ ಸರತಿ. ಮಂಕಿಕ್ಯಾಪಿನ ಒಬ್ಬ ಮನುಷ್ಯ ದಾರಿಯಂಚಿನಲ್ಲಿ ಎರಡೂ ಕೈಯೆತ್ತಿ ಕುಣಿಯುತ್ತಿದ್ದ. ಲಿಫ್ಟ್ ಕೇಳುತ್ತಿರಬೇಕು ಪಾಪ, ಆದರೆ ನಿಂತರೆ ಕಾಲು ಊರಬೇಕಲ್ಲ ಎಂದು ನಾಯಕನು ಮರುಗಿ ಮುಂದೆ ಸಾಗಿದನು. ದಾರಿ ಇಳಿಯತೊಡಗಿತು. ದೊಡ್ಡ ಏರಿನ ಮುಂಚೆ ಸಣ್ಣ ಇಳಿಜಾರು ಸಹಜವೆಂದು ಇಳಿದನು. ಇಳಿದೇ ಇಳಿದನು. ಹೊಳೆ ಕಂಡಿತು, ಹಸಿರು ಕಂಡಿತು, ಕೊನೆಗೆ ಅಡ್ಡಗಟ್ಟಿದ ಗೇಟು ಕಂಡಿತು.

ಅಲ್ಲಿ ವಿಧಿಯಿಲ್ಲದೆ ನಿಂತು, ಹೆಲ್ಮೆಟ್ಟು ತೆಗೆದು, ಕಿವಿಯ ಅರಳೆ ಕಿತ್ತು, "ಯವ್ವಾ, ಎಲ್ಲೈತಿದು ನೆತ್ತಿ" ಎಂದು ನರಳಿದ್ದೇ ತಡ, ಗೇಟಿನಲ್ಲಿದ್ದ ಸೈನಿಕ ಕಣ್ಣರಳಿಸಿದ.

"ಕನ್ನಡದಾವ್ರೇನ್ರಿ? ನಂದು ಬೈಲಹೊಂಗಲ್ರೀ!"

ಕೇಳಿದೆ: "ತಮ್ಮಾ, ಟಾಪ್ ಇನ್ನೂ ಎಷ್ಟು ದೂರ ಐತಿ?"

"ಟಾಪ್ ಹಿಂದ ಬಿಟ್ಟು ಬಂದೀರಲ್ರೀ ಅಣ್ಣಾರ. ಚಾದಂಗಡಿ ಇತ್ತಿಲ್ಲ? ಅದ ಟಾಪು."

"ಹಂಗಾರ ವಾಪಸ್ ಹೋಗ್ತೀನಿ."

"ಆಗೂದಿಲ್ರೀ. ಮ್ಯಾಲ ಗುಡ್ಡ ಕುಸದದ್ದು ತಗೀಲಿಕ್ಕೆ ಹತ್ಯಾರ. ಈ ಕಡಿಂದ ಬಿಡೂದು ನಾಲ್ಕ ದಿನ ಬಂದ್."

ಸಜ್ಜನರೇ, ಈಗ ಸಂಸ್ಕೃತ ಬೇಡ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಮಾತು ಉಳಿಸಿಕೊಂಡಿದ್ದೆ, ಕಾಲು ಊರಿರಲಿಲ್ಲ, ಅಷ್ಟೆತ್ತರದ ಘಟ್ಟ ದಾಟಿದ್ದೆ. ಆದರೆ ದಾಟಿದ್ದು ನನಗೇ ಗೊತ್ತಿರಲಿಲ್ಲ. ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟೆ, ಇನ್ನೂ ಬಿಸಿಯಿತ್ತು. ಅಳು ಬಂತು.

ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದು ಮುಟ್ಟಿದರು. ರಾಜೇಸಾಬ "ನಿನ್ನ ಹಿಂದ..." ಎಂದು ಬಾಯಿ ತೆಗೆಯುವಷ್ಟರಲ್ಲಿ, ಕಲ್ಲನಗೌಡ ಗಾಡಿಯಿಂದ ಇಳಿಯುವ ಮೊದಲೇ ಶುರು ಹಚ್ಚಿದ.

"ಏ ಫಕೀರಪ್ಪಾ, ತಲಿ ನೆಟ್ಟಗೈತೇನು? ನಾ ಅಲ್ಲಿ ಮಂಗ್ಯಾನಂಗ ಕುಣೀಲಿಕ್ಕೆ ಹತ್ತೀನಿ, ನೀ ಗವರ್ನರ್ ಹೋದಂಗ ಹೋದಿ!"

"ಲಿಫ್ಟ್ ಕೇಳಿದ್ದು ನೀನೇನು?"

"ಲಿಫ್ಟಂತ! ಗ್ಲೌಜ್ ಕಿತ್ತು ಫೋನ್ ತಗಿಯೂದ್ರಾಗ ನೀ ಪಾರ. ಸಿಕ್ಕಿದ್ದು ಇದೊಂದ."

ನೋಡಿದೆ. ಹುಡುಗರು ಪಕ್ಕಕ್ಕೆ ಸರಿದಿದ್ದರು, ಬೋರ್ಡು ಅಕ್ಷರ ಅಕ್ಷರವೂ ಸ್ಪಷ್ಟವಾಗಿತ್ತು. ಅದರ ಕೆಳಗೆ, ಚೌಕಟ್ಟಿನಿಂದ ಹೊರಗೆ ಓಡುತ್ತಿರುವ ಒಂದು ಬೆನ್ನು. ಗಾಡಿಯ ನಂಬರು ಜೋತುಬಿದ್ದ ಜಮಖಾನದ ಹಿಂದೆ. ಮುಖವಿಲ್ಲ, ಹೆಸರಿಲ್ಲ. ಕೆಳಗಿನ ಹಳ್ಳಿಯ ಚಹಾದಂಗಡಿಯಲ್ಲಿ ಸಿಗ್ನಲ್ ಸಿಕ್ಕಿದೊಡನೆ, ಬೇರೆ ದಾರಿಯಿಲ್ಲದೆ ಅದನ್ನೇ ಮನೆಗೆ ಕಳಿಸಿದೆವು. ಸ್ವಲ್ಪದರಲ್ಲೇ ಬಸಲಿಂಗವ್ವನ ಫೋನು ಬಂತು. ಹಿನ್ನೆಲೆಯಲ್ಲಿ ಅಂದಾನೆಪ್ಪನ ದನಿ.

"ಅಕ್ಕಾ, ಬೆನ್ನ ನೋಡಿ ಯಾರಂತ ಹೇಳೂದು? ಯಾರದರ ಇರಬಹುದು. ಗಾಡಿ ನನಗ ಬಂತು ನೋಡು."

ನಾನು ಫೋನನ್ನು ಕಿವಿಗೆ ಒತ್ತಿದೆ. ಅವಳ ಮಾತು ನಿಧಾನವಾಗಿ ಬಂತು.

"ಸುಮ್ನಿರು ಅಂದಾನಿ. ಬುತ್ತಿ ತಗೊಂಡು ದಿನಾ ಗಿರಣೀಗೆ ಹೋಗಾಕಿ ನಾನು. ಯಾವತ್ತರ ಮಾರಿ ತೋರ್ಸ್ಯಾರೇನು? ಹಿಟ್ಟ ಬೀಳೂ ಕಡೆ ಮಾರಿ, ನನ್ನ ಕಡೆ ಬೆನ್ನು. ಇದು ನನ್ನ ಗಂಡನ ಬೆನ್ನು. ಗಾಡಿ ಅವರದ."

ಹಿಮವತ್ಪರ್ವತದ ಶಿಖರದಲ್ಲಿ ಸಿಗದಿದ್ದ ಎತ್ತರ ಆ ಒಂದು ಮಾತಿನಲ್ಲಿ ಸಿಕ್ಕಿತು. ಜೊತೆಗೆ ನಾಚಿಕೆಯೂ ಆಯಿತು. ಇಷ್ಟು ವರ್ಷ ಅವಳು ಬುತ್ತಿ ಹಿಡಿದು ನಿಂತಾಗ ಒಮ್ಮೆಯೂ ತಿರುಗಿ ನೋಡಿರಲಿಲ್ಲವಲ್ಲ. "ಬಸಲಿಂಗವ್ವಾ..." ಎಂದು ಏನೋ ದೊಡ್ಡ ಮಾತು ಹೇಳಲು ಹೊರಟೆ.

"ಅದೆಲ್ಲಾ ಇರ್ಲಿ. ಪ್ಯಾಂಟ್ ಹಿಂದ ಹರದೈತಲ್ರೀ. ಅಷ್ಟ ಮಂದ್ಯಾಗ ಹಂಗ ತಿರಗ್ಯಾಡೀರೇನು?"

ಕೈ ಹಿಂದೆ ಹಾಕಿ ಮುಟ್ಟಿ ನೋಡಿದೆ. ಹೌದು, ಹರಿದಿತ್ತು. ಮಹಾರಥಿಯು ಗೋಡೆಗೆ ಬೆನ್ನು ಹಚ್ಚಿ ನಿಂತು, ಚಹಾ ಕೊಡುತ್ತಿದ್ದ ಹೆಂಗಸಿಗೆ ಸನ್ನೆ ಮಾಡಿ ಒಂದು ಪಿನ್ನು ಕೇಳಿದನು.