ಹಿತ್ತಲಲ್ಲಿ ತೇಲಿದ ತೊಟ್ಟಿ

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗೆಜ್ಜಲಗೆರೆಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೂತು ಕೆಲಸಗಾರರ ಹಾಜರಿ ನೋಡುವುದೇ ನನ್ನ ಉದ್ಯೋಗ. ತಡವಾಗಿ ಬಂದದ್ದಕ್ಕೆ ಮನುಷ್ಯ ಎಷ್ಟು ಬಗೆಯ ಕಾರಣ ಹುಟ್ಟಿಸಬಲ್ಲ ಎಂಬ ವಿಷಯದಲ್ಲಿ ನನ್ನದು ತಕ್ಕಮಟ್ಟಿನ ಪಾಂಡಿತ್ಯ. ಒಬ್ಬನ ಎಮ್ಮೆ ಒಂದೇ ವರ್ಷದಲ್ಲಿ ಮೂರು ಸಲ ಕರು ಹಾಕಿತ್ತು. ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಸತ್ಯದ ಮಹಿಮೆ ವಿವರಿಸಿದ್ದೆ ಕೂಡ. ಆದರೆ ಹಾಗೆ ವಿವರಿಸುವ ಯೋಗ್ಯತೆ ನನಗಿರಲಿಲ್ಲ ಎಂಬುದನ್ನು ಇವತ್ತು ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆಂಟು ವರ್ಷಗಳಿಂದ ನಾನೂ ಒಂದು ಸುಳ್ಳನ್ನು ಹಾಲು ಅನ್ನ ಹಾಕಿ ಸಾಕಿಕೊಂಡು ಬಂದಿದ್ದೆ. ನನಗೆ ಈಜು ಬರುವುದಿಲ್ಲ. ಬರುತ್ತದೆ ಎಂದು ನನ್ನ ಹೆಂಡತಿ ಜಯಲಕ್ಷ್ಮಿ ನಂಬಿದ್ದಳು.

ಇದಕ್ಕೆಲ್ಲ ಮೂಲ ನನ್ನ ಮಾವ. ಅವರು ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ನೌಕರಿಯಲ್ಲಿದ್ದವರು, ಒಳ್ಳೆಯ ಈಜುಗಾರರು. ಆ ಹೊಳೆ ಎಂತೆಂಥವರನ್ನು ಎಳೆದುಕೊಂಡು ಹೋಗಿದೆ ಎಂಬುದನ್ನು ಕಣ್ಣಾರೆ ಕಂಡಿದ್ದರಿಂದ ಹೆಣ್ಣುಮಕ್ಕಳನ್ನು ನೀರಿನ ಹತ್ತಿರ ಸುಳಿಯಗೊಟ್ಟಿರಲಿಲ್ಲ. ಬದಲಿಗೆ ಮಗಳನ್ನು ನೋಡಲು ಬಂದ ಪ್ರತಿಯೊಬ್ಬ ಗಂಡಿಗೂ ಒಂದು ಪ್ರಶ್ನೆ ಹಾಕುತ್ತಿದ್ದರು. ಸಂಬಳ, ಜಮೀನು ಎಲ್ಲ ಆಮೇಲೆ. ಉಪ್ಪಿಟ್ಟು ಬಾಯಲ್ಲಿದ್ದಾಗ ನನ್ನನ್ನೂ ಕೇಳಿದರು, "ಈಜು ಬತ್ತದಾ?" ನಾನು ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸದೆ ನೇರವಾಗಿ ನನ್ನನ್ನೇ ನೋಡುತ್ತಿದ್ದಳು. "ನಮ್ಮದು ನಾಲೆ ಪಕ್ಕದ ಊರು ಸಾರ್, ಈಜು ಬರದೇ ಇರುತ್ತಾ?" ಎಂದೆ. ಗಮನಿಸಿ, ನಾನು ಬರುತ್ತದೆ ಎನ್ನಲಿಲ್ಲ. ನಾನೂ ಒಂದು ಪ್ರಶ್ನೆ ಕೇಳಿದೆ ಅಷ್ಟೆ. ಉತ್ತರ ಅವರೇ ಕೊಟ್ಟುಕೊಂಡು ಮಗಳನ್ನೂ ಕೊಟ್ಟರು.

ನಮ್ಮೂರು ಮಳವಳ್ಳಿ ಕಡೆ. ಊರ ಪಕ್ಕದಲ್ಲೇ ನಾಲೆ ಇದ್ದದ್ದು ನಿಜ. ನನ್ನ ಓರಗೆಯವರೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಒಂದೇ ಬೇಸಿಗೆಯಲ್ಲಿ ಈಜು ಕಲಿತರು. ನನಗೂ ಎರಡು ಬುರುಡೆ ಕಟ್ಟಿ ತಳ್ಳಿದರು. ಬುರುಡೆಗಳು ಮೇಲೆ ಉಳಿದವು, ನಾನು ಮಾತ್ರ ಕೆಳಗೆ ಹೋಗುವ ಪ್ರಯತ್ನ ಬಿಡಲಿಲ್ಲ. ಮೂಗು ಬಾಯಿಯಲ್ಲೆಲ್ಲ ಕೆಸರು ನೀರು ಹೊಕ್ಕು, ಯಾರೋ ಜುಟ್ಟು ಹಿಡಿದೆಳೆದು ದಡಕ್ಕೆ ಹಾಕಿದರು. ಆಮೇಲೆ ನೀರೆಂದರೆ ನನಗೆ ಚೊಂಬಿನಲ್ಲಿದ್ದಷ್ಟು ಸಾಕು. ಮದುವೆಯಾಗಿ, ನನ್ನ ಕೆಲಸಕ್ಕೂ ಜಯಾ ಪಾಠ ಹೇಳುವ ಶಾಲೆಗೂ ಅನುಕೂಲವೆಂದು ಹನಕೆರೆಯಲ್ಲಿ ಮನೆ ಕಟ್ಟಿದ ಮೇಲಂತೂ ನನ್ನ ಗುಟ್ಟು ಬಲ್ಲವರು ಯಾರೂ ಸುತ್ತಮುತ್ತ ಉಳಿಯಲಿಲ್ಲ. ಗುಟ್ಟು ನೆಮ್ಮದಿಯಾಗಿತ್ತು, ನಾನೂ ನೆಮ್ಮದಿಯಾಗಿದ್ದೆ.

ಕೆಡಿಸಿದ್ದು ಜಯಳ ಮಂಡಿ. ಮದ್ದೂರಿನ ಶಾಲೆಯಲ್ಲಿ ಅಷ್ಟು ವರ್ಷ ನಿಂತುಕೊಂಡೇ ಪಾಠ ಹೇಳಿದ್ದರ ಫಲ. ಮೆಟ್ಟಿಲು ಹತ್ತುವಾಗ ಅವಳು ಹಲ್ಲು ಕಚ್ಚುವುದು ನನಗೆ ಕಾಣುತ್ತಿತ್ತು. ಮಂಡ್ಯದ ಮೂಳೆ ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, "ಆಪರೇಷನ್ ಈಗಲೇ ಬೇಡಮ್ಮ. ದಿನಾ ಅರ್ಧ ಗಂಟೆ ಎದೆಮಟ್ಟದ ನೀರಲ್ಲಿ ನಡೀರಿ, ಮೈಭಾರ ಮಂಡಿ ಮೇಲೆ ಬೀಳಲ್ಲ" ಎಂದರು. ಎದೆಮಟ್ಟದ ನೀರು ಎಲ್ಲಿ ಸಿಗುತ್ತದೆ? ನಾಲೆಯಲ್ಲಿ ಸೆಳೆತ, ಕೆರೆಯಲ್ಲಿ ಹೂಳು. ಒಂದು ವಾರ ಯೋಚಿಸಿ ಜಯಾ ತೀರ್ಮಾನ ಹೇಳಿದಳು. "ಹಿತ್ತಲಲ್ಲಿ ಜಾಗ ಇದೆಯಲ್ಲ, ಫೈಬರ್ ತೊಟ್ಟಿ ಹೂಳಿಸಿಬಿಡೋಣ. ರೆಡಿಮೇಡ್ ಸಿಗುತ್ತಂತೆ. ನನಗೆ ನೀರು ಕಂಡ್ರೆ ಭಯಾನೇ. ಆದ್ರೆ ನೀವು ಜೊತೆಗೆ ಇರ್ತೀರಲ್ಲ."

ತೊಟ್ಟಿ ಲಾರಿಯ ಮೇಲೆ ಬೋರಲಾಗಿ ಬಂತು. ಆಕಾಶ ನೀಲಿ ಬಣ್ಣ, ಲಾರಿಗಿಂತ ಅಗಲ. ನಮ್ಮ ಹಿತ್ತಲಿಗೆ ಅಂಟಿಕೊಂಡೇ ಶಿವಣ್ಣನ ಗದ್ದೆ. ನಮಗಿಂತ ಹಿರಿಯ, ನೇರ ಮಾತಿನ ಮನುಷ್ಯ. ಬದುವಿನ ಮೇಲೆ ನಿಂತು ಸೊಂಟಕ್ಕೆ ಕೈಕೊಟ್ಟು ಕೇಳಿದ, "ಏನ್ಲಾ ಪುಟ್ಸಾಮಿ, ಆಲೆಮನೆ ಮಡಗ್ತಿದ್ದೀಯಾ? ಇಸ್ಟ್ ದೊಡ್ ಕೊಪ್ಪರಿಗೆಗೆ ಊರ್ ಕಬ್ಬೆಲ್ಲ ಬೇಕಾಯ್ತದಲ್ಲ!" ಬೆಲ್ಲ ಕಾಯಿಸುವುದಕ್ಕಲ್ಲ, ಜಯಳ ಮಂಡಿಗೆ ಎಂದೆ. "ಮಂಡಿಗಾ?" ಎಂದವನು ತೊಟ್ಟಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಇನ್ನೊಂದು ಸಲ ನೋಡಿ, ಗದ್ದೆಗಿಳಿದ.

ಜೆಸಿಬಿ ಬಂದು ಗುಂಡಿ ತೋಡಿತು. ಎರಡು ಪರಂಗಿ ಗಿಡ, ಒಂದು ಕರಿಬೇವು ಹೋದವು. ಕಂಪನಿಯ ಎಂಜಿನಿಯರು ತಳಕ್ಕೆ ಮರಳು ಹಾಸಿಸಿ, ಮಟ್ಟ ನೋಡಿ, ಕ್ರೇನಿನಿಂದ ತೊಟ್ಟಿ ಇಳಿಸಿದ. ಒಳಗೆ ಟ್ಯಾಂಕರ್ ನೀರು ಒಂದಡಿ ಏರಿದ ಹಾಗೆ ಹೊರಗೂ ಒಂದಡಿ ಮರಳು ತುಂಬಿಸುತ್ತ ಬಂದ. ಎಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಒಂದು ಮಾತ್ರ ನೆನಪಿಟ್ಕೊಳ್ಳಿ. ಯಾವ ಕಾರಣಕ್ಕೂ ಇದನ್ನ ಖಾಲಿ ಮಾಡಬೇಡಿ. ಪಕ್ಕದಲ್ಲಿ ಗದ್ದೆ ಇದೆ" ಎಂದ. ನಾನು ತಲೆಯಾಡಿಸಿದೆ. ಅವನ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನನ್ನ ತಲೆ ಪೂರ್ತಿ ನಾಲ್ಕಡಿ ನೀರಿನಲ್ಲಿ ಮುಳುಗಿತ್ತು. ಐದೂಕಾಲು ಅಡಿಯ ಮನುಷ್ಯ ನಾಲ್ಕಡಿ ನೀರಲ್ಲಿ ಮುಳುಗುವುದಿಲ್ಲ ಎಂದು ನೀವು ಹೇಳಬಹುದು. ಅದು ನನಗೂ ಗೊತ್ತು. ನನ್ನ ಹೆದರಿಕೆಗೆ ಗೊತ್ತಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಕಾರಣಗಳ ಸರಣಿ. ಮೊದಲ ದಿನ ನೆಗಡಿ. ಎರಡನೇ ದಿನ ಅಮಾವಾಸ್ಯೆ. ಮೂರನೇ ದಿನ ಕಾರ್ಖಾನೆಯಲ್ಲಿ ತಪಾಸಣೆ. ನಾಲ್ಕನೇ ದಿನ ನೀರಿಗೆ ಹಾಕುವ ಔಷಧಿಯ ಡಬ್ಬಿ ಇನ್ನೂ ಒಡೆದಿಲ್ಲ ಎಂದೆ. ಮೂರು ಸಲ ಕರು ಹಾಕಿದ ಎಮ್ಮೆಯ ಯಜಮಾನನಿಗೆ ಮನಸ್ಸಿನಲ್ಲೇ ಕೈಮುಗಿದೆ, ಅವನು ಎಷ್ಟು ಕಷ್ಟಪಟ್ಟಿರಬೇಕು! ಜಯಾ ದಿನವೂ ಟವೆಲ್ ಹಿಡಿದುಕೊಂಡು ತೊಟ್ಟಿಯ ಅಂಚಿನವರೆಗೆ ಹೋಗಿ, ಅಂಚಿನುದ್ದಕ್ಕೂ ಹಾಕಿದ್ದ ಕಂಬಿ ಮುಟ್ಟಿ, ವಾಪಸು ಬರುತ್ತಿದ್ದಳು. ಅಷ್ಟರಲ್ಲಿ ನಿವೃತ್ತರಾಗಿ ಮಳವಳ್ಳಿಯಲ್ಲಿ ನೆಲೆಸಿದ್ದ ಮಾವ ಜಯಳಿಗೆ ಫೋನು ಮಾಡಿದರು. "ಮುಂದಿನ ತಿಂಗ್ಳು ಬತ್ತೀನಿ ಕಣಮ್ಮ. ಅಳಿಯಂದ್ರು ಈಜೋದ ಒಂದ್ ಸಲನೂ ನೋಡ್ನೇ ಇಲ್ವಲ್ಲ."

ಆಗ ನನ್ನ ಪಾಲಿಗೆ ಒದಗಿದ್ದು ಶಿವಣ್ಣನ ಒಟ್ಲು. ಪೈರು ನಾಟಿ ಮಾಡುವುದಕ್ಕೆ ಮುಂಚೆ ಭತ್ತದ ಸಸಿ ಬೆಳೆಸುವ ಮಡಿಗೆ ನಮ್ಮ ಕಡೆ ಒಟ್ಲು ಎನ್ನುತ್ತಾರೆ. ಇವತ್ತು ನಾಳೆ ನಾಲೆಗೆ ನೀರು ಬಿಡುತ್ತಾರೆಂದು ನಂಬಿ ಒಟ್ಲು ಹಾಕಿದ್ದ. ನೀರು ಬರಲಿಲ್ಲ, ಸಸಿ ಹಳದಿಗೆ ತಿರುಗಿತು. ಬೇಲಿಯಾಚೆ ತಲೆ ಮೇಲೆ ಕೈಹೊತ್ತು ಕೂತಿದ್ದ ಅವನನ್ನು ಕಂಡಾಗ ನನಗೆ ನಿಜಕ್ಕೂ ಅಯ್ಯೋ ಎನಿಸಿತು. ಆದರೆ ಅಯ್ಯೋ ಎನ್ನುವುದಕ್ಕಿಂತ ಒಂದು ಗಳಿಗೆ ಮೊದಲೇ ಬೇರೊಂದು ಯೋಚನೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. "ಶಿವಣ್ಣ, ತೊಟ್ಟೀಲಿ ನೀರು ಸುಮ್ಮನೆ ನಿಂತಿದೆಯಲ್ಲ. ಇನ್ನೂ ಔಷಧಿ ಹಾಕಿಲ್ಲ, ಬರೀ ನೀರು. ಎತ್ಕೊ" ಎಂದೆ.

ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ನಿಂತು ಯೋಚಿಸುತ್ತಿದ್ದರೋ ಏನೋ. ನಮ್ಮ ಕಡೆ ಒಣಗುವ ಒಟ್ಲಿನ ಪಕ್ಕ ನಿಂತ ನೀರು ಇಟ್ಟುಕೊಳ್ಳುವುದೆಂದರೆ ಹಸಿದವರ ಎದುರು ಕೂತು ಉಂಡ ಹಾಗೆ. ಜಯಳನ್ನು ಕೇಳಿದರೆ, "ಕೇಳೋದೇನ್ರೀ, ಸಸಿ ಸಾಯ್ತಿದೆ. ಕೊಡಿ. ನನ್ನ ಮಂಡಿ ಎಲ್ಲಿಗೂ ಓಡಿಹೋಗಲ್ಲ" ಎಂದಳು. ಶಿವಣ್ಣ ಎಂಜಿನ್ನು ತಂದು, ಪೈಪು ಬಿಟ್ಟು, ಮಧ್ಯಾಹ್ನದೊಳಗೆ ತಳದ ಚೂರುಪಾರು ನೀರನ್ನೂ ಬಿಡದೆ ಎತ್ತಿದ. "ದೇವ್ರಂತಾವ್ನು ಕಣಪ್ಪಾ ನೀನು" ಎಂದು ಕೈಹಿಡಿದುಕೊಂಡ. ಊರಲ್ಲಿ ನನ್ನ ಹೆಸರು ಮೇಲೇರಿತು. ನಾಲೆ ಬಂದ ಮೇಲೆ ತುಂಬಿಸಿದರಾಯಿತು ಎಂದು ಎಲ್ಲರೂ ಒಪ್ಪಿಕೊಂಡರು. ನಾನು ಎಂಟು ದಿನ ಸುಖವಾಗಿ ನಿದ್ದೆ ಮಾಡಿದೆ. ಸಂಜೆ ಜಯಾ ಕಾಲು ನೀಡಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವಾಗ ಮಾತ್ರ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೂ ನೀರಿಗಿಳಿಯುವುದಕ್ಕಿಂತ ನಾಚಿಕೆಯೇ ಮೇಲು ಎನಿಸುತ್ತಿತ್ತು.

ನಾಲೆಗೆ ನೀರು ಬಂತು. ಊರಿಗೆ ಊರೇ ಗದ್ದೆಗಿಳಿಯಿತು, ತೊಟ್ಟಿ ತುಂಬಿಸುವ ಮಾತನ್ನು ನಾನು ಎತ್ತಲಿಲ್ಲ. ಶಿವಣ್ಣನ ಗದ್ದೆ ತುಂಬಿ ಬದುವಿನ ಮಟ್ಟಕ್ಕೆ ನೀರು ನಿಂತಿತು. ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದವನು ಬ್ರಷ್ಷನ್ನು ಹಾಗೇ ಕಚ್ಚಿಕೊಂಡು ನಿಂತೆ. ತೊಟ್ಟಿ ನೆಲದಿಂದ ಎದ್ದು ಬಂದಿತ್ತು. ಒಂದು ಮೂಲೆ ನನ್ನ ಸೊಂಟದೆತ್ತರಕ್ಕೆ, ಇನ್ನೊಂದು ಮೂಲೆ ಮೊಣಕಾಲೆತ್ತರಕ್ಕೆ. ಸುತ್ತ ಹಾಸಿದ್ದ ಕಲ್ಲು ಬಿರಿದಿತ್ತು. ಗದ್ದೆಯ ನೀರು ಅಡಿಯಿಂದ ಜಿನುಗಿ ಬಂದು ಖಾಲಿ ತೊಟ್ಟಿಯನ್ನು ದೋಣಿಯಂತೆ ಎತ್ತಿಬಿಟ್ಟಿತ್ತು. ಎಂಜಿನಿಯರಿನ ಮಾತು ಆಗ ತಲೆಗೆ ಹೋಯಿತು. ಫೋನಿನಲ್ಲಿ ಅವನು ಕೇಳಿದ್ದು ಮೂರೇ ಪದ, "ಖಾಲಿ ಮಾಡಿದ್ರಾ, ಸಾರ್?"

ಊರು ಸೇರಿತು. ಗದ್ದೆಗೆ ಹೋಗುತ್ತಿದ್ದ ಹೆಂಗಸೊಬ್ಬಳು ಕೆನ್ನೆಗೆ ಕೈಹಚ್ಚಿ, "ಭೂಮ್ತಾಯಿ ಒಪ್ಕಳ್ನಿಲ್ಲ ಕಣಮ್ಮ, ವಾಪಸ್ ಕೊಟ್ಬುಟ್ಳು" ಎಂದು ಜಯಳಿಗೆ ಸಮಾಧಾನ ಹೇಳಿದಳು. ಶಿವಣ್ಣ ಮಾತ್ರ ಅಳುವವನ ಹಾಗೆ ನಿಂತಿದ್ದ. ಹತ್ತು ಗಂಟೆಗೆ ಸರಿಯಾಗಿ, ಬೇರೆ ಯಾವ ದಿನವೂ ಸಿಕ್ಕದವರಂತೆ, ಮಾವ ಮಳವಳ್ಳಿ ಬಸ್ಸಿಳಿದು ಆಟೋದಲ್ಲಿ ಬಂದರು. ಎಂಬತ್ತು ದಾಟಿದರೂ ನೆಟ್ಟಗಿನ ಬೆನ್ನು. ತೊಟ್ಟಿಯ ಸುತ್ತ ಒಂದು ಸುತ್ತು ಬಂದರು. ಜೀವಮಾನವೆಲ್ಲ ನೀರಿನ ಕಸುವು ನೋಡಿದವರಿಗೆ ವಿವರಿಸಬೇಕಾಗಿರಲಿಲ್ಲ. "ತುಂಬಿದ್ದ ತೊಟ್ಟೀನ ಖಾಲಿ ಮಾಡು ಅಂದವ್ರು ಯಾರು?" ಎಂದು ಗುಡುಗಿದರು.

"ನಾನೇ ಅಪ್ಪ" ಎಂದಳು ಜಯಾ. "ಶಿವಣ್ಣನ ಸಸಿ ಒಣಗ್ತಿತ್ತು. ಕೊಡಿ ಅಂತ ನಾನೇ ಹೇಳ್ದೆ. ಇವರದ್ದೇನೂ ತಪ್ಪಿಲ್ಲ."

"ಮಕ್ಕಳಿಗೆ ಪಾಠ ಹೇಳೋ ಟೀಚ್ರಂತೆ! ಇಸ್ಟೂ ತಿಳೀಲಿಲ್ವಾ ನಿಂಗೆ?" ಮಾವ ಎಲ್ಲರೆದುರಿಗೇ ಅವಳನ್ನು ಬೈಯತೊಡಗಿದರು. ಅವಳು ನೋಯುವ ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿ, ಸುಮ್ಮನೆ ಕೇಳಿಸಿಕೊಳ್ಳುತ್ತ ನಿಂತಳು. ಅದನ್ನು ನನಗೆ ನೋಡಲಾಗಲಿಲ್ಲ. ನಾನು ಧೈರ್ಯವಂತನಲ್ಲ, ಆದರೆ ಅಷ್ಟು ನೀಚನೂ ಅಲ್ಲ ಎಂದು ಆಗ ನನಗೇ ಗೊತ್ತಾಯಿತು. ಬ್ರಷ್ಷು ಇನ್ನೂ ಕೈಯಲ್ಲೇ ಇತ್ತು. "ಮಾವ, ನನಗೆ ಈಜು ಬರಲ್ಲ. ಇವತ್ತಿಗೂ ಬರಲ್ಲ, ಅವತ್ತಿಗೂ ಬರ್ತಿರಲಿಲ್ಲ. ನೀರಿಗಿಳಿಯೋದು ತಪ್ಪಿಸಿಕೊಳ್ಳೋಕೆ ನಾನೇ ಖಾಲಿ ಮಾಡಿಸ್ದೆ" ಎಂದೆ.

ಮಾವ ನನ್ನನ್ನು ನೋಡಿದರು, ಎದ್ದು ನಿಂತ ತೊಟ್ಟಿಯನ್ನು ನೋಡಿದರು. "ಅದ್ಕೆ ತೊಟ್ಟೀನೇ ಮೇಲಕ್ ತಂದ್ಬುಟ್ರಾ ಅಳಿಯಂದ್ರೆ?" ಎಂದರು. ಶಿವಣ್ಣ ಮೊದಲು ನಕ್ಕ, ಆಮೇಲೆ ಊರು ನಕ್ಕಿತು. ಜಯಾ ನಗಲಿಲ್ಲ. ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ, ನನ್ನ ಮುಖ ನೋಡದೆ ಹೇಳಿದಳು. "ನಿಮ್ಮನ್ನ ಈಜೋಕೆ ಯಾರ್ರೀ ಕರೆದಿದ್ರು? ನನ್ನ ಕೈ ಹಿಡ್ಕೊಂಡು ನಿಂತ್ಕೊಳ್ಳೋಕೆ ಕರೆದೆ. ಅಷ್ಟಕ್ಕೆ ಇಷ್ಟು ದಿನ ನನ್ನನ್ನ ನೋಯಿಸಿದ್ರಾ?" ಮಾವನ ಗುಡುಗು ಎಷ್ಟೋ ವಾಸಿಯಾಗಿತ್ತು.

ಕಂಪನಿಯವರು ಮತ್ತೆ ಬಂದರು. ಶಿವಣ್ಣ ನಮ್ಮ ಹಿತ್ತಲ ಪಕ್ಕದ ಮಡಿಗೆ ನೀರು ಕಟ್ಟದೆ ವಾರಗಟ್ಟಲೆ ತಡೆದುಕೊಂಡ. ತೊಟ್ಟಿ ಎತ್ತಿ, ಗುಂಡಿ ಬಸಿದು, ಹೊಸ ಮರಳು ಹಾಸಿ, ಮತ್ತೆ ಕೂರಿಸಿ ತುಂಬಿಸಿದರು. ಮಾರನೆಯ ಬೆಳಿಗ್ಗೆ ಜಯಾ ಕರೆಯುವ ಮೊದಲೇ ನಾನು ಹೋಗಿ ಮೆಟ್ಟಿಲ ಮೇಲೆ ನಿಂತೆ. ಮೂರು ಮೆಟ್ಟಿಲು ಇಳಿಯಲು ನನಗೆ ಕಾಲು ಗಂಟೆ ಹಿಡಿಯಿತು. ಅವಳು ನನ್ನ ಕೈ ಹಿಡಿದುಕೊಂಡಳು, ನಾನು ಕಂಬಿ ಹಿಡಿದುಕೊಂಡೆ. ಹಾಗೇ ನಡೆದೆವು. ಅರ್ಧ ಗಂಟೆ ಕಳೆದು ಮೇಲೆ ಬಂದಾಗ, "ಹಗುರ ಅನ್ನಿಸ್ತಿದೆ ಕಣ್ರೀ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನೋವಿರಲಿಲ್ಲ. ಇದನ್ನು ಇಷ್ಟು ದಿನ ತಡಮಾಡಿದವನು ನಾನೇ.

ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಮೊನ್ನೆ ಮಂಡ್ಯದ ಡಾಕ್ಟರು ಮಂಡಿ ಮಡಚಿಸಿ ನೋಡಿ ಸಂತೋಷಪಟ್ಟರು. "ಬಹಳ ಚೆನ್ನಾಗಿದೆಯಮ್ಮ. ಇನ್ನು ಜೊತೆಗೆ ಯಾರೂ ಬೇಕಾಗಿಲ್ಲ. ನೀವು ಒಬ್ಬರೇ ನೀರಿಗೆ ಇಳೀಬಹುದು, ಸಾಹೇಬರಿಗೆ ರಜೆ ಕೊಟ್ಬಿಡಿ" ಎಂದರು.

ಜಯಾ ಸೆರಗು ಸರಿಮಾಡಿಕೊಂಡು ಎದ್ದಳು. "ಅದು ಆಗಲ್ಲ ಡಾಕ್ಟ್ರೇ. ನಾನು ಕೈ ಬಿಟ್ಟು ನಡೆಯೋಕೆ ಶುರುಮಾಡಿ ತಿಂಗಳಾಯ್ತು. ಇವರಿನ್ನೂ ಬಿಟ್ಟಿಲ್ಲ."