ಕತ್ತರಿಸಿದರೂ ಇಳಿಯದ ಸ್ಲೈಡ್ ಶೋ

ನನಗೆ ಬಾರದ ಕೆಲಸಗಳಲ್ಲಿ ತೂಕ ಇಳಿಸುವುದು ಮೊದಲನೆಯದು. ಮೈಯ ಮೇಲಿನ ಆಸೆ ಬಿಟ್ಟು ಎಷ್ಟೋ ವರ್ಷವಾಯಿತು; ಈಗ ಮಮ್ಮಿ-ಡ್ಯಾಡಿಯ ಮದುವೆಯ ಅರವತ್ತನೇ ವರ್ಷಕ್ಕೆಂದು ಮಾಡಿದ ಸ್ಲೈಡ್ ಶೋ ಕೂಡ ನನ್ನ ಕೈಯಲ್ಲಿ ಇಳಿಯಲಿಲ್ಲ. ಮನೆಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ತುಂಬಿದ್ದೆ. ನಾಳೆ ಸಮಾರಂಭ. ಇಂದು ಬೆಳಿಗ್ಗೆ ಜೆಪ್ಪುವಿನ ಸಮಾರಂಭದ ಹಾಲ್‌ನಲ್ಲಿ ಪರದೆ ನೋಡಿಕೊಳ್ಳುವ ಪ್ರವೀಣ ಫೋನು ಮಾಡಿ, "ಎಂತ ಸರ್ ಇದು? ತೆರೆಯುವಾಗಲೇ ನಮ್ಮ ಲ್ಯಾಪ್‌ಟಾಪ್ ಮಲಗ್ತದೆ ಮಾರಾಯ್ರೆ. ಸಣ್ಣದು ಮಾಡಿ ಕೊಡಿ," ಎಂದ.

ಮಾಡಿದೆ. ಒಂದೊಂದು ಫೋಟೊದ ಮೂಲೆ ಹಿಡಿದು ಒಳಗೆ ತಳ್ಳಿ, ಡ್ಯಾಡಿಯನ್ನು ಅಂಚೆಚೀಟಿಯಷ್ಟಾಗಿಸಿದೆ. ಫೈಲಿನ ತೂಕ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ನನಗೆ ಅಳುವೇ ಬಂತು. ಅಣ್ಣ ವಲೇರಿಯನ್‌ನನ್ನು ಮೊದಲೇ ಎಲ್ಲ ಫೋಟೊಗಳಿಂದ ಕತ್ತರಿಸಿದ್ದೆ, ಆದರೂ ಇಷ್ಟು ಭಾರ! ನಮ್ಮಲ್ಲಿ ಮದುವೆಯ ದಿನ ಮೈಕ್ ಹಿಡಿದು ವಧೂವರರನ್ನು ಹೊಗಳಿ ಟೋಸ್ಟ್ ಹೇಳುವುದು ದೊಡ್ಡ ಮರ್ಯಾದೆ. ತನ್ನ ಮಗಳ ಮದುವೆಯಲ್ಲಿ ಅಣ್ಣ ಅದನ್ನು ನನಗೆ ಕೊಡದೆ ಹೆಂಡತಿಯ ತಮ್ಮನಿಗೆ ಕೊಟ್ಟ. ಅಂದಿನಿಂದ ಮಾತಿಲ್ಲ. ನನ್ನ ಮೂರನೇ ವರ್ಷದ ಫೋಟೊದಲ್ಲಿ ಈಗ ನಾನು ಗಾಳಿಯಲ್ಲಿ ತೇಲುತ್ತಿದ್ದೇನೆ; ಕಂಕುಳಲ್ಲಿ ಎರಡು ಕೈಗಳಿವೆ, ಮನುಷ್ಯನಿಲ್ಲ. ಮಮ್ಮಿ ನೋಡಿ, "ಈ ಕೈ ಯಾರದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದರು.

ಸೋತು, ನನ್ನ ಲ್ಯಾಪ್‌ಟಾಪ್ ಹೊತ್ತುಕೊಂಡು ಹಾಲ್‌ಗೆ ಹೋದೆ. ಪ್ರವೀಣ ಅದೇ ಫೋಟೊದ ಮೇಲೆ ಏನೋ ಒತ್ತಿದ. ಅಣ್ಣ ಪ್ರತ್ಯಕ್ಷನಾದ. ಹನ್ನೊಂದು ವರ್ಷದ ಹುಡುಗ, ನನ್ನನ್ನು ತಲೆಯ ಮೇಲಕ್ಕೆತ್ತಿ ಬಾಯಿ ತುಂಬ ನಗುತ್ತಿದ್ದಾನೆ.

"ನೀವು ಕತ್ತರಿಸಿದ್ದು ಹೋಗ್ಲಿಲ್ಲ ಸರ್, ಎಲ್ಲ ಒಳಗೇ ಉಂಟು. ಇಲ್ಲಿ ಟಿಕ್ ಹಾಕಿದ್ರೆ ಇವರು ಪೂರ್ತಿ ಹೋಗ್ತಾರೆ. ಹಾಕ್ಲಾ?"

ಲ್ಯಾಪ್‌ಟಾಪಿನಿಂದ ಅವನ ಕೈ ಸರಿಸಿದೆ. "ಬೇಡ," ಎಂದೆ.

"ಹಾಗಾದ್ರೆ ಬೇರೆ ಎಂತಾದ್ರೂ ತೆಗೀಬೇಕು. ಕೊನೆಗೆ ಇದೆಂತ, ನಲವತ್ತು ಫೋಟೊ ನೀವೊಬ್ಬರೇ ಮೈಕ್ ಹಿಡಿದದ್ದು?"

ಅವು ಊರವರ ಮದುವೆಗಳಲ್ಲಿ ನಾನು ಟೋಸ್ಟ್ ಹೇಳಿದ ಫೋಟೊಗಳು. ಮಮ್ಮಿ-ಡ್ಯಾಡಿಯ ದಾಂಪತ್ಯಕ್ಕೆ ಅವೂ ಬೇಕೆಂದು ನನಗೆ ಅನ್ನಿಸಿತ್ತು. ಒಂದೊಂದಾಗಿ ಅಳಿಸಿದೆವು. ಫೈಲು ಅರ್ಧಕ್ಕಿಳಿದು, ಅಣ್ಣನ ಸಮೇತ ಹಾಲ್‌ನ ಲ್ಯಾಪ್‌ಟಾಪಿನಲ್ಲಿ ತೆರೆಯಿತು.

ಮನೆಗೆ ಬಂದವನೇ ಅಣ್ಣನಿಗೆ ಫೋನು ಮಾಡಿ, "ನಾಳೆ ನಾನು ಹೇಳಬೇಕಿದ್ದ ಟೋಸ್ಟ್ ನೀನೇ ಹೇಳು," ಎಂದೆ. ಅವನು, "ಆಯ್ತು. ನೀನೇ ಬರೆದು ಕೊಡು. ಆದ್ರೆ ಸಣ್ಣದು ಇರಲಿ ಮಾರಾಯ," ಎಂದ.

ನಾಲ್ಕು ಸಲ ತಿದ್ದಿದ್ದೇನೆ. ಇನ್ನೂ ಹನ್ನೊಂದು ಪುಟವಿದೆ.